ಕ್ಷಮೆ ಯಾರಿಗೆ, ಯಾವುದಕ್ಕೆ?

ರಾಮದುರ್ಗದಿಂದ ಬೈಲಹೊಂಗಲಕ್ಕೆ ಹೊರಟ ಬಸ್ಸು ಸವದತ್ತಿಯ ಹತ್ತಿರ ಕೆಟ್ಟು ನಿಂತಿತೆನ್ನೋಣ. ಹೊಸದಾಗಿ ನೌಕರಿಗೆ ಸೇರಿದ ತರುಣನೊಬ್ಬ ಕಚೇರಿಗೆ ಒಂದು ತಾಸು ತಡವಾಗಿ ಬಂದ. ಕಿತ್ತೂರು, ಬೈಲಹೊಂಗಲಗಳ ಕಡೆ ಹಿರಿಯರೆದುರು ಕೈಮುಗಿದು ‘ತಪ್ಪಾತ್ರೀ’ ಎಂದರೆ ಮುಗಿಯಿತು. ಆದರೆ ಇಲ್ಲಿ ಮೇಲಧಿಕಾರಿಗಳಿಗೆ ಇಂಗ್ಲಿಷಿನಲ್ಲಿ ಚೀಟಿ ಬರೆಯಬೇಕು. ತರುಣ ಬರೆದ: ‘ಸರ್, ಐ ಆಮ್ ಸಾರಿ ಫಾರ್ ಯು.’

ಮನಸ್ಸಿನಲ್ಲಿದ್ದುದು ವಿನಯ. ಕಾಗದದ ಮೇಲೆ ಮೂಡಿದ ಅರ್ಥವಾದರೋ, ‘ಪಾಪ, ನಿಮ್ಮನ್ನು ನೋಡಿದರೆ ನನಗೆ ಮರುಕ ಬರುತ್ತದೆ’ ಎಂದು! ಕ್ಷಮೆ ಕೇಳಲು ಹೋಗಿ ಇನ್ನೊಂದು ತಪ್ಪು ತಲೆಗೆ ಬಂತು.

ಕೇಳುಗರೇ, ಇದು ಬುದ್ಧಿಯ ಕೊರತೆಯಲ್ಲ, ತಾಯ್ನುಡಿಯ ರೂಢಿ. ಕನ್ನಡದ ಪ್ರತ್ಯಯ ನಾಮಪದದ ಬೆನ್ನಿಗೆ ಅಂಟಿ ಬರುತ್ತದೆ; ಇಂಗ್ಲಿಷಿನ ಪ್ರಿಪೊಸಿಷನ್ ಬೇರೆ ಪದವಾಗಿ ಮುಂದೆ ನಡೆಯುತ್ತದೆ. 13ನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ವಿವರಿಸಿದ ವಿಭಕ್ತಿಗಳಲ್ಲಿ ಚತುರ್ಥಿಯನ್ನು ನೋಡಿರಿ. ‘ಸಾಹೇಬರಿಗೆ ಹೇಳಿದೆ’, ‘ತಡವಾದದ್ದಕ್ಕೆ ನೊಂದುಕೊಂಡೆ’: ವ್ಯಕ್ತಿಗೂ ಅದೇ ವಿಭಕ್ತಿ, ಕಾರಣಕ್ಕೂ ಅದೇ ವಿಭಕ್ತಿ. ಇಂಗ್ಲಿಷು ಇವೆರಡನ್ನೂ ಬೇರೆಬೇರೆ ಇಡುತ್ತದೆ. ವ್ಯಕ್ತಿಗೆ ‘ಟು’, ತಪ್ಪಿಗೆ ‘ಫಾರ್’.

ಆದ್ದರಿಂದ ತರುಣ ಬರೆಯಬೇಕಾದದ್ದು ಹೀಗೆ: ‘ಐ ಅಪಾಲಜೈಜ್ ಟು ಯು ಫಾರ್ ಬೀಯಿಂಗ್ ಲೇಟ್.’ ನಾವು ‘ನಿಮ್ಮನ್ನು ಕ್ಷಮೆ ಕೇಳುತ್ತೇನೆ’ ಎನ್ನುವುದರಿಂದ, ‘ಅಪಾಲಜೈಜ್ ಯು’ ಎಂದು ‘ಟು’ವನ್ನು ನುಂಗಿಬಿಡುವುದುಂಟು. ಅದು ಸಲ್ಲದು.

ಇನ್ನು ‘ಸಾರಿ’. ‘ಸಾರಿ ಫಾರ್’ ಎಂದಮೇಲೆ ತಪ್ಪಿನ ಹೆಸರು ಬಂದರೆ ಕ್ಷಮೆ, ಮನುಷ್ಯನ ಹೆಸರು ಬಂದರೆ ಸಾಮಾನ್ಯವಾಗಿ ಮರುಕ. ನಡೆದ ಸಂಗತಿಗೆ ವಿಷಾದ ತೋರಬೇಕಾದಾಗ ‘ಸಾರಿ ಅಬೌಟ್ ದ ಡಿಲೇ’ ಎಂದರೂ ಒಪ್ಪುತ್ತದೆ. ‘ಸಾರಿ ಟು’ ಎಂಬುದರ ಮುಂದೆ ಕ್ರಿಯಾಪದ ಬರುವುದು ವಾಡಿಕೆ: ನೆರೆಯವರ ಮನೆಯ ದುಃಖದ ಸುದ್ದಿ ತಿಳಿದಾಗ ‘ಸಾರಿ ಟು ಹಿಯರ್’ ಎನ್ನುತ್ತೇವೆ. ಅಲ್ಲಿ ನಮ್ಮ ತಪ್ಪೇನೂ ಇಲ್ಲ. ಅದು ಸಂತಾಪದ ಮಾತು.

ಮನೆಯಲ್ಲಿ ಮಕ್ಕಳು ರಜೆಯ ಚೀಟಿ ಬರೆಯುವಾಗ ಅವರನ್ನು ಎರಡೇ ಪ್ರಶ್ನೆ ಕೇಳಿರಿ: ‘ಯಾರಿಗೆ? ಯಾವುದಕ್ಕೆ?’ ಮೊದಲನೆಯದಕ್ಕೆ ‘ಟು’, ಎರಡನೆಯದಕ್ಕೆ ‘ಫಾರ್’ ತಾವಾಗಿಯೇ ಒದಗುತ್ತವೆ. ಈ ಪ್ರಶ್ನೆಗಳು ಇಂಗ್ಲಿಷಿಗಷ್ಟೇ ಅಲ್ಲ. ಯಾರನ್ನು ನೋಯಿಸಿದೆವು, ಯಾವ ಮಾತಿನಿಂದ ನೋಯಿಸಿದೆವು ಎಂಬುದನ್ನು ಬಿಟ್ಟು ಬರಿದೆ ‘ತಪ್ಪಾತ್ರೀ’ ಎಂದರೆ, ಆ ಮಾತು ಕನ್ನಡದಲ್ಲಿಯೂ ಅರ್ಧವೇ ಸರಿ.