ಬೆಳಿಗ್ಗೆ ಹೋಗಿ ಸಂಜೆಗೆ ಮರಳುವ ಶಸ್ತ್ರಚಿಕಿತ್ಸೆಗೆ ನಮ್ಮ ಸಿದ್ಧತೆ

(ಸಂಘದ ವಾರ್ಷಿಕೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ವಾರ್ಷಿಕೋತ್ಸವದ ವೇದಿಕೆಯಲ್ಲಿ ಸಾಹಿತ್ಯವನ್ನೋ ಸಂಗೀತವನ್ನೋ ಕುರಿತು ಮಾತು ನಡೆಯುವುದು ವಾಡಿಕೆ. ಅದನ್ನು ಬಿಟ್ಟು ಆಸ್ಪತ್ರೆಯ ಮಾತನ್ನೆತ್ತುವುದು ಕೆಲವರಿಗೆ ಅಪಶಕುನವೆಂದು ತೋರಬಹುದು. ಆದರೆ ಮನೆಮಂದಿಯೆಲ್ಲ ಒಂದೆಡೆ ಕೂಡಿರುವಾಗ ಮನೆಯ ಹಿತದ ಮಾತನ್ನು ಆಡಿಕೊಳ್ಳದೆ ಇನ್ನೆಂದು ಆಡಿಕೊಳ್ಳುವುದು? ಆದುದರಿಂದ ತಮ್ಮೆಲ್ಲರ ಕ್ಷಮೆಯನ್ನು ಕೋರಿಯೇ ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

ನಮ್ಮ ಮಾನಂದವಾಡಿಯ ಹೊಳೆ ಪನಮರದ ಹೊಳೆಯೊಡನೆ ಕೂಡಿ, ಕಬಿನಿಯೆನಿಸಿ, ಕನ್ನಡನಾಡನ್ನು ಹೊಕ್ಕು ನಂಜನಗೂಡಿನ ಶ್ರೀಕಂಠೇಶ್ವರನ ಸನ್ನಿಧಿಯನ್ನು ಹಾದು ಮುಂದೆ ಸಾಗುತ್ತದೆ. ಕಾಯಿಲೆ ಬಿದ್ದಾಗ ಆ ನಂಜುಂಡನಿಗೆ ಹರಕೆ ಹೊರುವುದು ಹಿಂದಿನಿಂದ ಬಂದ ಪದ್ಧತಿ. ತನ್ನ ಆನೆಯ ಕಣ್ಣು ಗುಣವಾದುದಕ್ಕಾಗಿ ಟಿಪ್ಪು ಸುಲ್ತಾನನು ಅವನನ್ನು ಹಕೀಂ ನಂಜುಂಡನೆಂದು ಕರೆದನೆಂಬ ಪ್ರತೀತಿಯೂ ಉಂಟು. ಹರಕೆಯನ್ನು ಹೊರೋಣ. ಆದರೆ ಶಸ್ತ್ರಚಿಕಿತ್ಸೆಗೆ ಹೋಗುವವನು ಹರಕೆಯ ಜೊತೆಗೆ ಮಾಡಿಕೊಳ್ಳಬೇಕಾದ ಸಿದ್ಧತೆಗಳೂ ಕೆಲವುಂಟು. ಅವನ್ನು ದೇವರ ಮೇಲೂ ವೈದ್ಯರ ಮೇಲೂ ಹೊರಿಸಲಾಗದು.

ಒಂದು ಕಾಲಕ್ಕೆ ಶಸ್ತ್ರಚಿಕಿತ್ಸೆಯೆಂದರೆ ವಾರಗಟ್ಟಲೆ ಆಸ್ಪತ್ರೆಯ ಹಾಸಿಗೆ ಎಂದೇ ಅರ್ಥವಾಗಿತ್ತು. ಈಗ ಕಣ್ಣಿನ ಪೊರೆ, ಅಂಡವಾಯು, ಮೂಲವ್ಯಾಧಿ, ಸಣ್ಣ ಗಡ್ಡೆಗಳು, ಸಂತಾನಹರಣ ಮುಂತಾದವುಗಳಲ್ಲಿ ಅನೇಕವನ್ನು ಬೆಳಿಗ್ಗೆ ಮಾಡಿ ಸಂಜೆಗೆ ರೋಗಿಯನ್ನು ಮನೆಗೆ ಕಳುಹಿಸುವರು. ಈ ಕ್ರಮವು ನಿನ್ನೆ ಮೊನ್ನೆ ಹುಟ್ಟಿದುದಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಶಸ್ತ್ರವೈದ್ಯ ಜೇಮ್ಸ್ ನಿಕೋಲ್ ಎಂಬವರು, ಅಲ್ಲಿನ ಮಕ್ಕಳ ಆಸ್ಪತ್ರೆಯ ಹೊರರೋಗಿ ಔಷಧಾಲಯದಲ್ಲಿ ಹತ್ತು ವರ್ಷಗಳಲ್ಲಿ ನಡೆದ 8,988 ಶಸ್ತ್ರಕ್ರಿಯೆಗಳ ವರದಿಯನ್ನು 1909ರಲ್ಲಿ ಪ್ರಕಟಿಸಿದರು. ಮಗುವಿಗೆ ಆಸ್ಪತ್ರೆಯ ವಾರ್ಡಿಗಿಂತ ತಾಯಿಯ ಮಡಿಲೇ ಲೇಸೆಂಬುದು ಅವರ ಅಭಿಪ್ರಾಯ. 1970ರಲ್ಲಿ ಅಮೆರಿಕದ ಫೀನಿಕ್ಸ್ ನಗರದಲ್ಲಿ ವ್ಯಾಲೆಸ್ ರೀಡ್ ಮತ್ತು ಜಾನ್ ಫೋರ್ಡ್ ಎಂಬ ಅರಿವಳಿಕೆ ವೈದ್ಯರಿಬ್ಬರು ಇದಕ್ಕೆಂದೇ ಒಂದು ಪ್ರತ್ಯೇಕ ಕೇಂದ್ರವನ್ನು ತೆರೆದರು.

ಕನ್ನಡಿಗರಾದ ನಮಗೆ ಡಾ. ಎಂ. ಸಿ. ಮೋದಿಯವರ ಹೆಸರು ಅಪರಿಚಿತವಲ್ಲ. 1968ರಲ್ಲಿ ಪದ್ಮಭೂಷಣ ಪ್ರಶಸ್ತಿಯನ್ನು ಪಡೆದು 2005ರಲ್ಲಿ ಕಾಲವಾದ ಆ ಮಹನೀಯರು ಊರೂರಿಗೆ ಹೋಗಿ ನೇತ್ರಶಿಬಿರಗಳನ್ನು ನಡೆಸಿ ಅಸಂಖ್ಯ ಬಡವರಿಗೆ ಬೆಳಕನ್ನು ಕೊಟ್ಟರು. ಹಳೆಯ ವಿಧಾನದಲ್ಲಿ ಪೊರೆಯನ್ನು ತೆಗೆದ ಮೇಲೆ ರೋಗಿಯು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ದಿನಗಟ್ಟಲೆ ಅಲುಗಾಡದೆ ಮಲಗಬೇಕಾಗಿತ್ತು. ಚಾರ್ಲ್ಸ್ ಕೆಲ್ಮನ್ ಎಂಬವರು 1967ರಲ್ಲಿ ಚಿಕ್ಕ ಗಾಯದ ಮೂಲಕವೇ ಪೊರೆಯನ್ನು ಕರಗಿಸಿ ತೆಗೆಯುವ ವಿಧಾನವನ್ನು ಆರಂಭಿಸಿದ ತರುವಾಯ ಈ ಕಷ್ಟವು ಕ್ರಮೇಣ ತಪ್ಪಿತು. ಇಂದು ಅದೇ ರೋಗಿಯು ಅಂದೇ ಮನೆಗೆ ಹೋಗುತ್ತಾನೆ.

ಇದರಿಂದ ಖರ್ಚು ಕಡಿಮೆ, ಆಸ್ಪತ್ರೆಯ ಸೋಂಕು ತಗಲುವ ಭಯವೂ ಕಡಿಮೆ. ಆದರೆ ಇನ್ನೊಂದು ಮಾತನ್ನು ಮರೆಯಬಾರದು. ಹಿಂದೆ ದಾದಿಯರು ಮಾಡುತ್ತಿದ್ದ ಕೆಲಸದಲ್ಲಿ ಅರ್ಧವು ಈಗ ಮನೆಯವರ ಪಾಲಿಗೆ ಬಂದಿದೆ. ಹಿಂದಿನ ದಿನವೇ ಒಳರೋಗಿಯಾಗಿ ಸೇರಿದವನು ಏನು ತಿಂದನು, ಯಾವ ಮಾತ್ರೆ ನುಂಗಿದನು ಎಂಬುದನ್ನು ದಾದಿಯು ನೋಡಿಕೊಳ್ಳುತ್ತಿದ್ದಳು. ಈಗ ಅದನ್ನು ನೋಡಿಕೊಳ್ಳಬೇಕಾದವರು ನಾವೇ.

ಮೊದಲನೆಯ ಸಿದ್ಧತೆ ಭಾಷೆಯದು. ಗಡಿನಾಡಿನಲ್ಲಿರುವ ನಮಗೆ ಇದು ಇತರರಿಗಿಂತ ಹೆಚ್ಚು ಮುಖ್ಯ. ನಮ್ಮೂರಿನ ಜಿಲ್ಲಾ ಆಸ್ಪತ್ರೆಯು 2021ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜೆನಿಸಿತು. ಅಲ್ಲಿಯ ವ್ಯವಹಾರ ಮಲೆಯಾಳದಲ್ಲಿ. ಘಾಟಿಯಿಳಿದು ಕಲ್ಲಿಕೋಟೆಗೆ ಹೋದರೂ ಹಾಗೆಯೇ. ಮೈಸೂರಿಗೆ ಹೋದರೆ ಮಾತು ಕನ್ನಡವಾದರೂ ಕಾಗದಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಸಂತೆ ಪೇಟೆಗಳಲ್ಲಿ ಮಲೆಯಾಳವನ್ನು ನಿರರ್ಗಳವಾಗಿ ಆಡುವ ನಮ್ಮ ಅಜ್ಜಿಯಂದಿರು ಕೂಡ ‘ರಕ್ತ ತೆಳುವಾಗಿಸುವ ಮಾತ್ರೆಯನ್ನು ಐದು ದಿನ ಮುಂಚೆ ನಿಲ್ಲಿಸಿ’ ಎಂಬ ಮಾತನ್ನು ತಪ್ಪಾಗಿ ಗ್ರಹಿಸಬಹುದು. ತಿಳಿಯದಿದ್ದರೂ ಸಂಕೋಚದಿಂದ ತಲೆಯಾಡಿಸುವುದು ನಮ್ಮವರ ಸ್ವಭಾವ. ಆ ತಲೆಯಾಟದಿಂದ ಪ್ರಾಣಕ್ಕೇ ಕುತ್ತು ಬಂದೀತು.

ನಮ್ಮ ಸರ್ವೋಚ್ಚ ನ್ಯಾಯಾಲಯವು 2008ರ ಸಮೀರಾ ಕೊಹ್ಲಿ ಮೊಕದ್ದಮೆಯಲ್ಲಿ, ರೋಗಿಯ ಒಪ್ಪಿಗೆಯು ತಿಳಿವಳಿಕೆಯಿಂದ ಕೂಡಿದ ನಿಜವಾದ ಒಪ್ಪಿಗೆಯಾಗಿರಬೇಕೆಂದೂ, ಪರೀಕ್ಷೆಗೆ ಕೊಟ್ಟ ಒಪ್ಪಿಗೆಯನ್ನು ಶಸ್ತ್ರಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯೆಂದು ಭಾವಿಸಲಾಗದೆಂದೂ ತೀರ್ಪಿತ್ತಿದೆ. ಆದುದರಿಂದ ‘ನನಗೆ ಕನ್ನಡದಲ್ಲಿ ತಿಳಿಸಿ ಹೇಳಿಸಿರಿ’ ಎಂದು ವಿನಯದಿಂದ ಕೇಳುವುದು ಉದ್ಧಟತನವಲ್ಲ. ಎರಡೂ ಭಾಷೆಗಳನ್ನು ಬಲ್ಲ ಮನೆಯವರೊಬ್ಬರು ಮೊದಲ ಭೇಟಿಗೇ ಜೊತೆಯಲ್ಲಿ ಹೋಗಲಿ. ವೈದ್ಯರು ಹೇಳಿದುದನ್ನು ರೋಗಿಯು ತನ್ನ ಮಾತಿನಲ್ಲಿ ಮತ್ತೊಮ್ಮೆ ಹೇಳಿ ಒಪ್ಪಿಸಲಿ. ದಿನಾಂಕ, ಗಂಟೆ, ಯಾವ ಅಂಗ, ಬಲವೋ ಎಡವೋ, ಇವನ್ನೆಲ್ಲ ಕನ್ನಡದಲ್ಲಿ ಬರೆದಿಟ್ಟುಕೊಳ್ಳಲಿ. ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಹೊರತಂದ 19 ಅಂಶಗಳ ಸುರಕ್ಷಾ ಪಟ್ಟಿಯಲ್ಲಿಯೂ ರೋಗಿಯ ಹೆಸರು, ಶಸ್ತ್ರಕ್ರಿಯೆಯ ಜಾಗ ಹಾಗೂ ಅವನ ಒಪ್ಪಿಗೆಯನ್ನು ಅವನಿಂದಲೇ ಖಚಿತಪಡಿಸಿಕೊಳ್ಳುವುದು ಮೊದಲಿಗೇ ಬರುತ್ತದೆ. ಒಂದೇ ಪ್ರಶ್ನೆಯನ್ನು ನಾಲ್ವರು ನಾಲ್ಕು ಸಲ ಕೇಳಿದರೆಂದು ಬೇಸರಿಸಬಾರದು.

ಎರಡನೆಯದು, ವೈದ್ಯರಲ್ಲಿ ಏನನ್ನೂ ಮುಚ್ಚಿಡದಿರುವುದು. ಮನೆಯಲ್ಲಿ ಸೇವಿಸುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸುವುದು ಅತ್ಯಂತ ಸುಲಭವಾದ ಉಪಾಯ. ಪಂಡಿತರು ಕೊಟ್ಟ ಕಷಾಯ, ಲೇಹ್ಯ, ನಾಟಿ ಮದ್ದುಗಳನ್ನೂ ಹೇಳಬೇಕು. ರಕ್ತವನ್ನು ತೆಳುವಾಗಿಸುವ ಔಷಧಗಳಲ್ಲಿ ಕೆಲವನ್ನು ದಿನಗಳ ಮುಂಚೆ ನಿಲ್ಲಿಸಬೇಕಾಗುತ್ತದೆ. ಆದರೆ ಹೃದಯಕ್ಕೆ ನಾಳದ ಚಿಕಿತ್ಸೆ ಮಾಡಿಸಿಕೊಂಡವನು ತಾನಾಗಿ ನಿಲ್ಲಿಸಿದರೆ ಅಪಾಯ. ಸಕ್ಕರೆ ಕಾಯಿಲೆಯವನು ಉಪವಾಸವಿದ್ದು ಎಂದಿನಂತೆ ಮಾತ್ರೆ ನುಂಗಿದರೆ ಅಥವಾ ಇನ್ಸುಲಿನ್ ಚುಚ್ಚಿಕೊಂಡರೆ ರಕ್ತದ ಸಕ್ಕರೆ ಕುಸಿದು ಎಚ್ಚರ ತಪ್ಪಬಹುದು. ಡಾಪಾಗ್ಲಿಫ್ಲೋಜಿನ್ ಮೊದಲಾದ ಹೊಸ ಮಾತ್ರೆಗಳನ್ನು ಮೂರು ದಿನ ಮುಂಚೆಯೇ ನಿಲ್ಲಿಸುವಂತೆ ಹೇಳುವುದುಂಟು. ರಕ್ತದೊತ್ತಡದ ಮಾತ್ರೆಗಳಲ್ಲಿಯೂ ಅಂದು ಬೆಳಿಗ್ಗೆ ನುಂಗಬೇಕಾದವು ಕೆಲವು, ಬಿಡಬೇಕಾದವು ಕೆಲವು. ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು ಎಂಬುದನ್ನು ವೈದ್ಯರೇ ಹೇಳಬೇಕು. ಕೇಳಿ ತಿಳಿಯಬೇಕಾದ ಹೊಣೆ ನಮ್ಮದು.

ಬೀಡಿ, ಹೊಗೆಸೊಪ್ಪು, ಮದ್ಯ ಇವುಗಳ ಮಾತೂ ಹಾಗೆಯೇ. ಹೆಂಡತಿ ಮಕ್ಕಳ ಎದುರಿಗೆ ಹೇಳಲು ನಾಚಿಕೆಯಾದರೆ ವೈದ್ಯರನ್ನು ಒಂಟಿಯಾಗಿ ಕಂಡು ಹೇಳಲಿ. ನಿತ್ಯವೂ ಕುಡಿಯುವವನಿಗೆ ಅರಿವಳಿಕೆಯ ಪ್ರಮಾಣವೇ ಬೇರೆಯಾದೀತು. ಬೀಡಿ ಸೇದುವವನು ನಾಲ್ಕು ವಾರ ಮುಂಚಿತವಾಗಿ ಬಿಟ್ಟರೆ ಶ್ವಾಸಕೋಶಕ್ಕೂ ಗಾಯ ಮಾಯುವುದಕ್ಕೂ ಬಹಳ ಅನುಕೂಲ. ಅಂದು ಬೆಳಿಗ್ಗೆ ಎಲೆಯಡಿಕೆಯನ್ನೂ ಬಾಯಿಗೆ ಹಾಕಬಾರದು.

ಮೂರನೆಯದು ಉಪವಾಸ. ಇದರ ಕಾರಣವನ್ನು ತಿಳಿದುಕೊಂಡವನು ತಪ್ಪುವುದಿಲ್ಲ. ಎಚ್ಚರವಿರುವಾಗ ನುಂಗಿದ ಅನ್ನವು ಶ್ವಾಸನಾಳಕ್ಕೆ ಹೋಗದಂತೆ ಗಂಟಲು ಕಾವಲು ಕಾಯುತ್ತದೆ. ಪೂರ್ಣ ಅರಿವಳಿಕೆಯಲ್ಲಿ ಆ ಕಾವಲು ನಿದ್ರಿಸುತ್ತದೆ. ಹೊಟ್ಟೆಯಲ್ಲಿರುವುದು ಮೇಲೇರಿ ಶ್ವಾಸಕೋಶವನ್ನು ಹೊಕ್ಕರೆ ಉಸಿರು ಕಟ್ಟಬಹುದು. ನ್ಯೂಯಾರ್ಕಿನ ವೈದ್ಯ ಕರ್ಟಿಸ್ ಮೆಂಡೆಲ್ಸನ್ 1946ರಲ್ಲಿ 44,016 ಬಸುರಿಯರ ದಾಖಲೆಗಳನ್ನು ಪರಿಶೀಲಿಸಿ, ಅವರಲ್ಲಿ 66 ಮಂದಿಗೆ ಹೀಗಾದುದನ್ನು ವರದಿ ಮಾಡಿದರು. ಗಟ್ಟಿ ಆಹಾರದಿಂದ ಉಸಿರುಗಟ್ಟಿ ಇಬ್ಬರು ತೀರಿಕೊಂಡರು. ಉಪವಾಸದ ನಿಯಮವು ಬಲವಾಗಿ ನೆಲೆಗೊಂಡುದು ಅಂದಿನಿಂದ.

ಸಾಮಾನ್ಯ ಲೆಕ್ಕವು ಹೀಗಿದೆ. ಎಣ್ಣೆ, ತುಪ್ಪ, ಮಾಂಸಗಳ ಊಟವಾದರೆ ಎಂಟು ಗಂಟೆ. ಇಡ್ಲಿಯಂಥ ಲಘು ಆಹಾರಕ್ಕೂ ಹಾಲಿಗೂ ಆರು ಗಂಟೆ. ಮೊಲೆಹಾಲಿಗೆ ನಾಲ್ಕು ಗಂಟೆ. ತಿಳಿಯಾದ ನೀರಿಗೆ ಎರಡು ಗಂಟೆ. ಕಾಫಿ ಬೆಳೆಯುವ ನಾಡಿನವರಾದ ನಾವು ಕಾಫಿಯ ವಿಚಾರವನ್ನು ಸ್ಪಷ್ಟವಾಗಿ ಅರಿತಿರಬೇಕು. ಹಾಲಿಲ್ಲದ ಕರಿಕಾಫಿಯು ನೀರಿನ ಲೆಕ್ಕಕ್ಕೆ ಸೇರುತ್ತದೆ. ಒಂದು ಚಮಚ ಹಾಲು ಬೆರೆತರೂ ಅದು ಆಹಾರದ ಲೆಕ್ಕಕ್ಕೆ ಸೇರುತ್ತದೆ. ಗಂಜಿಯ ತಿಳಿಯೂ ಆಹಾರವೇ. ‘ಮಗು ಅತ್ತಿತು, ಒಂದು ಬಿಸ್ಕತ್ತು ಕೊಟ್ಟೆ’ ಎಂಬುದನ್ನು ವೈದ್ಯರಿಂದ ಮುಚ್ಚಿಡಬಾರದು. ಮುಂದೂಡಿದರೆ ಒಂದು ದಿನದ ಕೂಲಿ ಹೋದೀತು. ಮುಚ್ಚಿಟ್ಟರೆ ಮಗುವೇ ಹೋದೀತು.

ಹಾಗೆಂದು ನೀರನ್ನು ಕೂಡ ಹಿಂದಿನ ರಾತ್ರಿಯಿಂದಲೇ ಬಿಡುವುದು ಪುಣ್ಯಕಾರ್ಯವಲ್ಲ. ಇದು ಏಕಾದಶಿಯಲ್ಲ. ಹೆಚ್ಚು ಉಪವಾಸ ಮಾಡಿದಷ್ಟೂ ಹೆಚ್ಚು ಕ್ಷೇಮವೆಂಬುದು ತಪ್ಪು ಕಲ್ಪನೆ. ಮುದುಕರೂ ಮಕ್ಕಳೂ ನೀರಿಲ್ಲದೆ ಬಳಲುವರು. ಆಸ್ಪತ್ರೆಯವರು ಹೇಳಿದ ಗಂಟೆಯೇ ಕೊನೆಯ ಮಾತು. ‘ನೀರನ್ನು ಎಷ್ಟು ಹೊತ್ತಿನವರೆಗೆ ಕುಡಿಯಬಹುದು?’ ಎಂದು ಪ್ರತ್ಯೇಕವಾಗಿ ಕೇಳಿಟ್ಟುಕೊಳ್ಳಬೇಕು. ಕಣ್ಣಿನ ಪೊರೆಯಂತೆ ಆ ಜಾಗವನ್ನಷ್ಟೇ ಮರಗಟ್ಟಿಸಿ ಮಾಡುವ ಚಿಕಿತ್ಸೆಗೆ ಕೆಲವೆಡೆ ಉಪವಾಸವೇ ಬೇಡವೆನ್ನುವರು. ಅದನ್ನೂ ಕೇಳಿಯೇ ತಿಳಿಯಬೇಕು.

ನಮ್ಮ ವಯನಾಡಿಗೆ ವಿಶೇಷವಾದ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಸಿಕಲ್ ಸೆಲ್ ಎಂದು ಕರೆಯುವ ಕುಡುಗೋಲುಕಣದ ರಕ್ತಹೀನತೆಯು ಈ ಜಿಲ್ಲೆಯ ಪಣಿಯ, ಕುರುಮ, ಅಡಿಯ ಮೊದಲಾದ ಸಮುದಾಯಗಳಲ್ಲಿಯೂ ವಯನಾಡನ್ ಚೆಟ್ಟಿ ಸಮುದಾಯದಲ್ಲಿಯೂ ಕಂಡುಬಂದಿದೆ. ಇದು ತಂದೆತಾಯಿಗಳಿಂದ ಬರುವುದು. ಯಾರ ದೋಷವೂ ಅಲ್ಲ. ಈ ರೋಗವುಳ್ಳವರಲ್ಲಿ ನೀರಿನ ಕೊರತೆ, ಚಳಿ, ಪ್ರಾಣವಾಯುವಿನ ಕೊರತೆ ಇವುಗಳಿಂದ ರಕ್ತಕಣಗಳು ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಉಪವಾಸ, ತಣ್ಣನೆಯ ಶಸ್ತ್ರಕ್ರಿಯೆಯ ಕೋಣೆ, ಅರಿವಳಿಕೆ, ಈ ಮೂರೂ ಒಂದೇ ದಿನ ಕೂಡುವುದರಿಂದ ಅವರಿಗೆ ಗಂಡಾಂತರ ಹೆಚ್ಚು. ಮೊದಲೇ ತಿಳಿದರೆ ವೈದ್ಯರು ರಕ್ತನಾಳದ ಮೂಲಕ ದ್ರವವನ್ನು ಕೊಟ್ಟು, ಮೈಯನ್ನು ಬೆಚ್ಚಗಿಟ್ಟು ಕಾಪಾಡಬಲ್ಲರು. ಅಗತ್ಯವೆನಿಸಿದರೆ ಆಸ್ಪತ್ರೆಯಲ್ಲಿಯೇ ಉಳಿಸಿಕೊಳ್ಳುವರು. ಕೇಂದ್ರ ಸರಕಾರವು ಈ ರೋಗದ ನಿರ್ಮೂಲನಕ್ಕಾಗಿ 2023ರಲ್ಲಿ ಒಂದು ರಾಷ್ಟ್ರೀಯ ಕಾರ್ಯಕ್ರಮವನ್ನೇ ಆರಂಭಿಸಿದೆ. ಮನೆತನದಲ್ಲಿ ಒಬ್ಬರಿಗೆ ಈ ರೋಗವಿದ್ದರೂ ಪರೀಕ್ಷೆ ಮಾಡಿಸಿಕೊಂಡು ವೈದ್ಯರಿಗೆ ತಿಳಿಸಬೇಕು. ಸಂಬಂಧ ಕೂಡಿಬಾರದೆಂಬ ಭಯದಿಂದ ಇದನ್ನು ಮರೆಮಾಚುವುದು ತರವಲ್ಲ.

ನಾಲ್ಕನೆಯದು ದೇಹದ ಸಿದ್ಧತೆ. ಹಿಂದಿನ ರಾತ್ರಿಯೋ ಅಂದು ಬೆಳಿಗ್ಗೆಯೋ ಸಾಬೂನಿನಿಂದ ಮೈತೊಳೆದು ಒಗೆದ ಸಡಿಲವಾದ ಬಟ್ಟೆಯನ್ನು ಉಡಬೇಕು. ಶಸ್ತ್ರಕ್ರಿಯೆಯ ಜಾಗವನ್ನು ಮನೆಯಲ್ಲಿ ಕ್ಷೌರದ ಬ್ಲೇಡಿನಿಂದ ಬೋಳಿಸಬಾರದು. ಕಣ್ಣಿಗೆ ಕಾಣದ ಸಣ್ಣ ಗಾಯಗಳಲ್ಲಿ ಸೋಂಕು ಸೇರಿಕೊಳ್ಳುತ್ತದೆ. ಬೆರಳಿಗೆ ತೊಡಿಸುವ ಚಿಕ್ಕ ಯಂತ್ರವು ರಕ್ತದ ಪ್ರಾಣವಾಯುವನ್ನು ಅಳೆಯಬೇಕಾದುದರಿಂದ ಉಗುರುಬಣ್ಣವಾಗಲಿ ಗಾಢವಾದ ಮದರಂಗಿಯಾಗಲಿ ಬೇಡ. ಬಳೆ, ಮೂಗುತಿ, ಉಂಗುರಗಳನ್ನು ಮನೆಯಲ್ಲಿಯೇ ತೆಗೆದಿಡುವುದು ಲೇಸು. ವಿದ್ಯುತ್ತಿನಿಂದ ರಕ್ತವನ್ನು ತಡೆಯುವ ಉಪಕರಣ ಬಳಸುವಾಗ ಲೋಹವು ಚರ್ಮವನ್ನು ಸುಡುವ ಸಂಭವವುಂಟು. ತಾಳಿಯನ್ನು ತೆಗೆಯಲು ತಾಯಂದಿರು ಅಳುಕುವರು. ಕೊರಳಿಗೆ ಅರಿಸಿನದ ದಾರವನ್ನು ಕಟ್ಟಿಕೊಂಡು ಹೋಗಬಹುದು. ಕೃತಕ ದಂತಗಳಿದ್ದರೆ ಮೊದಲೇ ತಿಳಿಸಬೇಕು. ಹಿಂದಿನ ದಿನ ಜ್ವರ, ಕೆಮ್ಮು ಕಾಣಿಸಿದರೆ ಹೊರಡುವ ಮುನ್ನವೇ ಆಸ್ಪತ್ರೆಗೆ ದೂರವಾಣಿ ಮಾಡಿ ಕೇಳಬೇಕು.

ಐದನೆಯದು ಜೊತೆಗಾರ ಮತ್ತು ದಾರಿ. ಅರಿವಳಿಕೆ ಪಡೆದವನು ಎಷ್ಟೇ ಚುರುಕಾಗಿ ಮಾತನಾಡಿದರೂ ಇಪ್ಪತ್ತನಾಲ್ಕು ಗಂಟೆಗಳ ಕಾಲ ಅವನ ಬುದ್ಧಿಯೂ ಕೈಕಾಲೂ ಪೂರ್ತಿ ಅವನ ವಶದಲ್ಲಿರುವುದಿಲ್ಲ. ಅವನು ವಾಹನ ನಡೆಸಬಾರದು, ಒಲೆಯ ಮುಂದೆ ನಿಲ್ಲಬಾರದು, ಜಮೀನಿನ ಕಾಗದಕ್ಕೆ ರುಜು ಹಾಕಬಾರದು. ಆ ರಾತ್ರಿ ಪ್ರಾಯಕ್ಕೆ ಬಂದವರೊಬ್ಬರು ಅವನ ಬಳಿಯಲ್ಲಿ ಇರಲೇಬೇಕು.

ಇನ್ನು ದಾರಿಯ ವಿಚಾರ. ಮೈಸೂರಿಗೆ ಹೋಗುವ ನಮ್ಮವರು ಬಾವಲಿ, ಹೆಗ್ಗಡದೇವನಕೋಟೆಯ ಮಾರ್ಗವು ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುವುದನ್ನು ಬಲ್ಲರು. ಬಂಡೀಪುರದ ಮಾರ್ಗವು 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಕುಟ್ಟದ ದಾರಿ ತೆರೆದಿದ್ದರೂ ಸುತ್ತು. ಮಧ್ಯಾಹ್ನ ಎರಡಕ್ಕೆ ಶಸ್ತ್ರಕ್ರಿಯೆಯಾದವನನ್ನು ಗೇಟು ಮುಚ್ಚುವ ಗಡಿಬಿಡಿಯಲ್ಲಿ ಕಾಡಿನ ದಾರಿಯಲ್ಲಿ ತರುವುದು ಯುಕ್ತವಲ್ಲ. ವಾಂತಿಯೋ ರಕ್ತಸ್ರಾವವೋ ಆದರೆ ಆ ಕಾಡಿನ ನಡುವೆ ಯಾರನ್ನು ಕೂಗುವುದು? ಆದುದರಿಂದ ಮೊದಲ ಸರದಿಯನ್ನು ಕೇಳಿಕೊಳ್ಳಬೇಕು. ಇಲ್ಲವಾದರೆ ಮೈಸೂರಿನಲ್ಲಿ ನೆಂಟರ ಮನೆಯಲ್ಲಿ ಒಂದು ರಾತ್ರಿ ತಂಗುವ ಏರ್ಪಾಡು ಮಾಡಿಕೊಳ್ಳಬೇಕು. ಕಲ್ಲಿಕೋಟೆಗೆ ಹೋಗುವವರು ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವುಗಳನ್ನೂ, ಮಳೆಗಾಲದಲ್ಲಿ ಅಲ್ಲಿ ಮಣ್ಣು ಕುಸಿಯುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಊರಿನಲ್ಲಿಯೇ ಆಗಬಹುದಾದ ಚಿಕಿತ್ಸೆಗೆ ದೂರದ ಆಸ್ಪತ್ರೆಯನ್ನು ಹುಡುಕುವ ಮುನ್ನ ಈ ದಾರಿಯ ಶ್ರಮವನ್ನೂ ತೂಗಿ ನೋಡುವುದು ವಿವೇಕ.

ಮನೆಗೆ ಬಂದ ತರುವಾಯ ಕೆಲವು ಚಿಹ್ನೆಗಳನ್ನು ಗಮನಿಸುತ್ತಿರಬೇಕು. ಪಟ್ಟಿಯನ್ನು ತೋಯಿಸಿ ನಿಲ್ಲದ ರಕ್ತ, ಹೆಚ್ಚುತ್ತಲೇ ಹೋಗುವ ನೋವು, ಜ್ವರ, ನಿಲ್ಲದ ವಾಂತಿ, ಮೂತ್ರ ಕಟ್ಟುವುದು, ಉಸಿರಾಟದ ತೊಂದರೆ, ಕಾಲಿನ ಮೀನಖಂಡದ ಊತ, ಕಣ್ಣಿನ ಚಿಕಿತ್ಸೆಯಾಗಿದ್ದರೆ ದೃಷ್ಟಿ ಮಂಜಾಗುತ್ತ ಹೋಗುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯಬಾರದು. ರಾತ್ರಿಯ ಹೊತ್ತು ಯಾರಿಗೆ ದೂರವಾಣಿ ಮಾಡಬೇಕು, ಹತ್ತಿರದಲ್ಲಿ ಯಾವ ಆಸ್ಪತ್ರೆಗೆ ಹೋಗಬೇಕು ಎಂಬುದನ್ನು ಬಿಡುಗಡೆಯ ಚೀಟಿಯ ಮೇಲೆಯೇ ಬರೆಸಿಕೊಂಡು ಬರಬೇಕು.

ಕೊನೆಯದಾಗಿ ಸಂಘದ ಪದಾಧಿಕಾರಿಗಳಲ್ಲಿ ಒಂದು ಅರಿಕೆ. ನಾವು ಕನ್ನಡವನ್ನು ಉಳಿಸಬೇಕೆಂದು ಭಾಷಣ ಮಾಡುತ್ತೇವೆ. ಶಸ್ತ್ರಕ್ರಿಯೆಯ ಮುನ್ನ ಭಯದಿಂದ ನಡುಗುವ ಒಬ್ಬ ಮುದುಕಿಯ ಬಳಿ ಕುಳಿತು, ವೈದ್ಯರ ಮಾತನ್ನು ಅವಳ ಮಾತಿನಲ್ಲಿ ತಿಳಿಸುವುದಕ್ಕಿಂತ ದೊಡ್ಡ ಕನ್ನಡ ಸೇವೆ ಯಾವುದಿದೆ? ಕನ್ನಡ, ಮಲೆಯಾಳ ಎರಡನ್ನೂ ಬಲ್ಲ ತರುಣ ತರುಣಿಯರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರಲ್ಲಿ ಕೆಲವರು ಸರದಿಯಂತೆ ರೋಗಿಗಳ ಜೊತೆಗೆ ಹೋಗುವಂತೆ ಸಂಘವು ಏರ್ಪಾಡು ಮಾಡಲಿ. ಉಪವಾಸ, ಔಷಧ, ಅಪಾಯದ ಚಿಹ್ನೆಗಳನ್ನು ಕುರಿತ ಒಂದು ಪುಟದ ಕನ್ನಡ ಸೂಚನೆಯನ್ನು ವೈದ್ಯರಿಂದ ತಿದ್ದಿಸಿ ಅಚ್ಚು ಹಾಕಿಸಿ ಮನೆಮನೆಗೆ ಹಂಚಲಿ. ಖರ್ಚು ಅಲ್ಪ, ಪ್ರಯೋಜನ ಅಪಾರ.

 ತಮ್ಮೆಲ್ಲರ ಮನೆಗಳಲ್ಲಿ ಆರೋಗ್ಯವು ನೆಲೆಸಲಿ ಎಂದು ಹಾರೈಸಿ ನನ್ನ ಮಾತನ್ನು ಮುಗಿಸುತ್ತೇನೆ.