ಬೆಳಕು ಮತ್ತು ಮರೆ

ಮಣ್ಣಿನ ಹಣತೆಯೊಂದು ಗೋಡೆಯ ಮುಂದೆ ಉರಿಯುತ್ತಿದೆಯೆಂದು ಭಾವಿಸಿ. ಹಣತೆ ತನ್ನ ಹಿಂದಿನ ಗೋಡೆಯನ್ನು ಮರೆಮಾಡುತ್ತದೆ. ಅದರ ಕುಡಿಯ ಸುತ್ತ ಹರಡಿದ ಪ್ರಭೆಯಾದರೋ ನಮ್ಮ ಕಣ್ಣಿಗೆ ಬೆಳಕನ್ನು ಕೊಡುತ್ತದೆಯೇ ಹೊರತು ಏನನ್ನೂ ಮರೆಮಾಡುವುದಿಲ್ಲ. ಬೆಳಕು ಬೇರೆ, ಮರೆ ಬೇರೆ. ಇಷ್ಟು ಸರಳವಾದ ಸಂಗತಿಯನ್ನು ಗಣಕಯಂತ್ರದ ಚಿತ್ರಕಡತದಲ್ಲಿ ಬರೆದಿಡುವುದು ಮಾತ್ರ ಅಷ್ಟು ಸರಳವಲ್ಲ.

ಇಂದಿನ ಚಲನಚಿತ್ರಗಳಲ್ಲಿ ನಟರು ಒಂದೆಡೆ, ಬೆಂಕಿ ಒಂದೆಡೆ, ಬೆಟ್ಟ ಮತ್ತೊಂದೆಡೆ ಸಿದ್ಧವಾಗಿ, ಕೊನೆಗೆ ಒಂದರ ಮೇಲೊಂದು ಕೂಡಿಕೊಳ್ಳುತ್ತವೆ. ಹೀಗೆ ಕೂಡಿಸಲು ಚಿತ್ರದ ಪ್ರತಿಯೊಂದು ಚುಕ್ಕೆಗೂ ಕೆಂಪು, ಹಸಿರು, ನೀಲಿಗಳ ಜೊತೆಗೆ ನಾಲ್ಕನೆಯ ಸಂಖ್ಯೆಯೊಂದು ಬೇಕು. ಆಲ್ವಿ ರೇ ಸ್ಮಿತ್ ಮತ್ತು ಎಡ್ ಕ್ಯಾಟ್ಮಲ್ ಎಂಬವರು 1977ರಲ್ಲಿ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಇದನ್ನು ರೂಪಿಸಿ, ಗ್ರೀಕ್ ಅಕ್ಷರವೊಂದರಿಂದ ‘ಆಲ್ಫಾ’ ಎಂದು ಕರೆದರು. ಇದನ್ನು ಪಾರದರ್ಶಕತೆಯ ಅಳತೆ ಎನ್ನುವುದು ರೂಢಿ. ನಿಜಕ್ಕೂ ಅದು ಮರೆಯ ಅಳತೆ. 1 ಎಂದರೆ ಪೂರ್ಣ ಮರೆ. 0 ಎಂದರೆ ಮರೆಯೇ ಇಲ್ಲ. ಕೂದಲೆಳೆಯೊಂದು ಚುಕ್ಕೆಯ ಅರ್ಧವನ್ನು ಆವರಿಸಿದ್ದರೆ 0.5.

ಬಣ್ಣವನ್ನು ಬರೆದಿಡುವ ರೀತಿಗಳು ಎರಡು. ಕೂದಲಿನ ಪೂರ್ಣ ಬಣ್ಣವನ್ನು ಹಾಗೆಯೇ ಬರೆದು, ಕೂಡಿಸುವಾಗ ಆಲ್ಫಾದಿಂದ ಗುಣಿಸುವುದು ಒಂದು. ಪಿಎನ್‌ಜಿ ಕಡತದ ಪದ್ಧತಿ ಇದು. ಮೊದಲೇ ಗುಣಿಸಿ, ಆ ಚುಕ್ಕೆಯಿಂದ ಬರುವ ಬೆಳಕನ್ನಷ್ಟೇ ಬರೆಯುವುದು ಇನ್ನೊಂದು. ಲ್ಯೂಕಸ್‌ಫಿಲ್ಮ್ ಸಂಸ್ಥೆಯ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ 1984ರಲ್ಲಿ ಈ ಎರಡನೆಯ ರೀತಿಯ ಮೇಲೆಯೇ ತಮ್ಮ ಗಣಿತವನ್ನು ಕಟ್ಟಿದರು. ಅವರ ನಿಯಮ ಚಿಕ್ಕದು: ಹಿಂದಿನ ಚಿತ್ರದಲ್ಲಿ ಮರೆಯಾಗದೆ ಉಳಿದ ಪಾಲನ್ನು ಮುಂದಿನ ಚಿತ್ರದ ಬೆಳಕಿಗೆ ಕೂಡಿಸಿರಿ.

ಸಾಮಾನ್ಯ ಚಿತ್ರಗಳಲ್ಲಿ ಬೆಳಕಿಗೆ ಒಂದು ಮೇಲ್ಮಿತಿಯುಂಟು. 255 ಎಂಬಲ್ಲಿಗೆ ಬಿಳಿಯ ಕಾಗದವೂ ನಿಲ್ಲುತ್ತದೆ, ಸೂರ್ಯನೂ ನಿಲ್ಲುತ್ತಾನೆ. ಈ ಕೊರತೆಯನ್ನು ನೀಗಲು ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸಂಸ್ಥೆಯು ಓಪನ್ ಇಎಕ್ಸ್‌ಆರ್ ಎಂಬ ಕಡತವನ್ನು ರೂಪಿಸಿ, 2003ರಲ್ಲಿ ಎಲ್ಲರಿಗೂ ಮುಕ್ತಗೊಳಿಸಿತು. ಅದರ 16 ಬಿಟ್ಟುಗಳ ದಶಾಂಶ ಸಂಖ್ಯೆ 65504ರವರೆಗೂ ಏರಬಲ್ಲುದು. ಕಾಗದವನ್ನು 1 ಎಂದರೆ, ಜ್ವಾಲೆಯನ್ನು 50 ಎಂದು ಬರೆಯಬಹುದು. ಆಲ್ಫಾ ಮಾತ್ರ 0ಯಿಂದ 1ರ ಒಳಗೇ ಇರಬೇಕು. ಏಕೆಂದರೆ ಪೂರ್ಣಕ್ಕಿಂತ ಹೆಚ್ಚಿನ ಮರೆ ಎಂಬುದಿಲ್ಲ.

ಈಗ ಪ್ರಭೆಯನ್ನು ಲೆಕ್ಕಕ್ಕೆ ತನ್ನಿ. ಅದರ ಬೆಳಕು 8, ಮರೆ 0, ಹಿಂದಿನ ಗೋಡೆ 0.5. ಮೊದಲೇ ಗುಣಿಸಿಟ್ಟ ಪದ್ಧತಿಯಲ್ಲಿ 8ಕ್ಕೆ ಗೋಡೆಯ 0.5 ಪೂರ್ತಿಯಾಗಿ ಸೇರಿ 8.5 ಆಗುತ್ತದೆ, ನಿಸರ್ಗದಲ್ಲಿ ನಡೆಯುವುದೂ ಇದೇ. ಇನ್ನೊಂದು ಪದ್ಧತಿಯಲ್ಲಿ 8ನ್ನು 0ಯಿಂದ ಗುಣಿಸಿದರೆ ಉಳಿಯುವುದು ಸೊನ್ನೆ. ದೀಪ ಆರಿಹೋಯಿತು! ಓಪನ್ ಇಎಕ್ಸ್‌ಆರ್ ಮೊದಲೇ ಗುಣಿಸಿದ ಬೆಳಕನ್ನು ರೂಢಿಯಾಗಿ ಇಟ್ಟುಕೊಂಡಿರುವುದಕ್ಕೆ ಇದೊಂದು ಬಲವಾದ ಸಮರ್ಥನೆ.

ತೊಂದರೆ ಬರುವುದು ಕಡತವು ಕೈಯಿಂದ ಕೈಗೆ ಹೋಗುವಾಗ. ಕೆಲವು ತಂತ್ರಾಂಶಗಳು ಆಲ್ಫಾ ಸೊನ್ನೆಯಿದ್ದಲ್ಲಿ ಬಣ್ಣ ನಿರುಪಯುಕ್ತವೆಂದು ಅಳಿಸಿಬಿಡುತ್ತವೆ. ಮತ್ತೆ ಕೆಲವು, ಬಣ್ಣ ತಿದ್ದುವ ಮುನ್ನ ಬೆಳಕನ್ನು ಆಲ್ಫಾದಿಂದ ಭಾಗಿಸುತ್ತವೆ. ಗಟ್ಟಿ ವಸ್ತುವಿನ ಅಂಚಿಗೆ ಅದು ಸರಿಯಾದ ಕ್ರಮವೇ. ಆದರೆ 80ರ ಬೆಳಕನ್ನು 0.001ರಿಂದ ಭಾಗಿಸಿದರೆ 80000 ಬಂದು 65504ರ ಎಲ್ಲೆ ಮೀರುತ್ತದೆ. ಆ 16 ಬಿಟ್ಟುಗಳಲ್ಲಿ ಅದು ಅನಂತವೆಂದು ದಾಖಲಾಗುತ್ತದೆ. ಅನಂತವನ್ನು ಮರಳಿ ಗುಣಿಸಿದರೂ 80 ಸಿಕ್ಕದು. ಆದ್ದರಿಂದ ಆಲ್ಫಾ ಸೊನ್ನೆಯಿದ್ದಲ್ಲಿ ಭಾಗಿಸಲೇಬಾರದು. ತೀರ ಕಡಮೆಯಿದ್ದಲ್ಲಿ ಎಚ್ಚರದಿಂದ, 32 ಬಿಟ್ಟುಗಳ ಸಂಖ್ಯೆಯಲ್ಲಿ ಭಾಗಿಸಬೇಕು. ಗ್ರೆಗ್ ವಾರ್ಡ್ ಅವರ ರೇಡಿಯನ್ಸ್ ಕಡತದಲ್ಲಿಯೂ ನಾಲ್ಕನೆಯ ಬೈಟ್ ಒಂದುಂಟು. ಅದು ಮೂರೂ ಬಣ್ಣಗಳಿಗೆ ಸಮಾನವಾದ ಘಾತಾಂಕ, ಮರೆಯಲ್ಲ. ಅದನ್ನು ಆಲ್ಫಾ ಎಂದು ಓದಿದರೆ ಚಿತ್ರ ಕೆಟ್ಟಿತು.

ಇದೆಲ್ಲ ಬರಿಯ ಅಂಕಿಗಳ ಜಿಜ್ಞಾಸೆಯೆನ್ನಬೇಡಿ. ಹೊಗೆ, ಕಿಡಿ, ಕೂದಲಂಚುಗಳಿಗಾಗಿ ಕಲಾವಿದನು ದಿನಗಟ್ಟಲೆ ದುಡಿದಿರುತ್ತಾನೆ. ತಪ್ಪಾದ ಒಂದು ಗುಣಾಕಾರ ಅದನ್ನೆಲ್ಲ ಸದ್ದಿಲ್ಲದೆ ಅಳಿಸಬಲ್ಲುದು. ಕಡತ ಕೈಗೆ ಬಂದಾಗ ಕಪ್ಪು ಹಿನ್ನೆಲೆಯ ಮೇಲೆ ಮಾತ್ರ ನೋಡಿ ತೃಪ್ತರಾಗಬೇಡಿ. ಕಪ್ಪು ಬಹಳ ತಪ್ಪುಗಳನ್ನು ನುಂಗುತ್ತದೆ. ತಿಳಿಬೂದು ಬಣ್ಣದ ಮೇಲೆ ಇಟ್ಟು ನೋಡಿ. ಅಂಚಿನಲ್ಲಿ ಕಪ್ಪುಗೆರೆ ಕಂಡರೆ ಎರಡು ಸಲ ಗುಣಿಸಿದೆ. ಅಂಚು ಉರಿದಂತೆ ಹೊಳೆದರೆ ಒಮ್ಮೆಯೂ ಗುಣಿಸಿಲ್ಲ. ಎರಡೂ ಇಲ್ಲದೆ ಬೆಂಕಿಯೂ ಉಳಿದಿದ್ದರೆ, ಕಡತ ಸರಿಯಾಗಿದೆ. ಮುಂದಿನವರಿಗೆ ಧೈರ್ಯದಿಂದ ಕಳುಹಿಸಬಹುದು.