ನಡು ಅಂಗಳದವರ ನೆನಪು

(ಯಲಹಂಕದ ಯುವಕ ಸಂಘವೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಯಲಹಂಕದಿಂದ ಪೇಟೆಗೆ ಹೊರಟವರಿಗೆ ಹೆಬ್ಬಾಳ ತಪ್ಪಿದ್ದಲ್ಲ. ವಿಮಾನ ನಿಲ್ದಾಣದ ಕಡೆಯಿಂದ ಬರುವ ವಾಹನ, ಕೆ.ಆರ್. ಪುರದ ಕಡೆಯಿಂದ ಬರುವ ವಾಹನ, ಯಶವಂತಪುರದ ಕಡೆಯಿಂದ ಬರುವ ವಾಹನ ಎಲ್ಲವೂ ಅಲ್ಲಿಗೆ ಬಂದು ಸೇರುತ್ತವೆ. ಅಲ್ಲಿಂದ ತಮ್ಮ ತಮ್ಮ ದಾರಿ ಹಿಡಿಯುತ್ತವೆ. ಹೆಬ್ಬಾಳದ ಮೇಲ್ಸೇತುವೆಯನ್ನೇ ನೋಡಲೆಂದು ಯಾರೂ ಮನೆಯಿಂದ ಹೊರಡುವುದಿಲ್ಲ. ಆದರೆ ಅಲ್ಲಿ ಹತ್ತು ನಿಮಿಷ ಸಂಚಾರ ನಿಂತರೆ ಸಾಕು, ಉತ್ತರ ಬೆಂಗಳೂರಿನ ಅರ್ಧ ಕೆಲಸವೇ ನಿಂತುಹೋಗುತ್ತದೆ.

ಫುಟ್‌ಬಾಲ್ ಅಂಗಳದಲ್ಲಿ ಮಿಡ್‌ಫೀಲ್ಡರ್ ನಿಂತಿರುವುದು ಇಂಥದೇ ಕೂಡುದಾರಿಯಲ್ಲಿ. ಚೆಂಡು ಅವನ ಬಳಿಗೆ ಬರುತ್ತದೆ, ಅವನಿಂದ ಮುಂದಕ್ಕೆ ಹೋಗುತ್ತದೆ. ನೋಡುವವರ ಕಣ್ಣು ಮಾತ್ರ ಚೆಂಡು ಹೋಗಿ ಮುಟ್ಟಿದ ಕಡೆಗಿರುತ್ತದೆ, ಅದು ಹೊರಟ ಕಡೆಗಲ್ಲ.

ಯಲಹಂಕ ಉಪನಗರದ ಒಬ್ಬ ಅಭಿಮಾನಿಯನ್ನು ಕಲ್ಪಿಸಿಕೊಳ್ಳಿ. ಪಂದ್ಯವಿರುವ ಸಂಜೆ ನೀಲಿ ಅಂಗಿ ತೊಟ್ಟು, ಬಸ್ಸು ಹಿಡಿದು, ಮೇಖ್ರಿ ವೃತ್ತ ದಾಟಿ ಕಂಠೀರವ ಕ್ರೀಡಾಂಗಣಕ್ಕೆ ಹೋಗುವವನು. ಬೆಂಗಳೂರು ಫುಟ್‌ಬಾಲ್ ಕ್ಲಬ್ ಗೆದ್ದ ಪಂದ್ಯಗಳ ಗೋಲುಗಳನ್ನೆಲ್ಲ ಆತ ಬಾಯಿಪಾಠ ಒಪ್ಪಿಸಬಲ್ಲ. ಆತನಿಗೊಬ್ಬ ಮಗ. ಒಂದು ದಿನ ಹುಡುಗ ಬಂದು, ‘ಅಪ್ಪಾ, ನಾನು ಮಿಡ್‌ಫೀಲ್ಡ್‌ನಲ್ಲಿ ಆಡ್ತೀನಿ’ ಎನ್ನುತ್ತಾನೆ. ಅಪ್ಪ ತಟ್ಟನೆ, ‘ಗೋಲು ಹೊಡೆದ್ರೆ ತಾನೇ ಮಗಾ ಕಣ್ಣಿಗೆ ಬೀಳೋದು? ಮುಂದೆ ನಿಂತ್ಕೋ’ ಎಂದುಬಿಡುತ್ತಾನೆ. ಹೇಳಿದ ಮೇಲೆ ಆತನಿಗೇ ಅನುಮಾನ. ಇಷ್ಟು ವರ್ಷ ತನ್ನ ಕ್ಲಬ್ಬನ್ನು ನಡೆಸಿಕೊಂಡು ಬಂದವರು ಯಾರು? ಮುಂದೆ ನಿಂತವರು ಮಾತ್ರವೇ? ಈ ಪ್ರಶ್ನೆಯ ಜಾಡು ಹಿಡಿದು ಹೋದರೆ ಬೆಂಗಳೂರಿನ ಫುಟ್‌ಬಾಲ್ ಚರಿತ್ರೆಯ ಇನ್ನೊಂದು ಮುಖ ಕಾಣುತ್ತದೆ.

ಹಾಫ್‌ಬ್ಯಾಕ್ ಎಂಬ ಹಳೆಯ ಹೆಸರು

‘ಮಿಡ್‌ಫೀಲ್ಡರ್’ ಎಂಬ ಮಾತು ಹಳೆಯ ತಲೆಮಾರಿನವರ ಬಾಯಲ್ಲಿ ಇರಲಿಲ್ಲ. ಅವರು ಹೇಳುತ್ತಿದ್ದುದು ಹಾಫ್‌ಬ್ಯಾಕ್ ಎಂದು. ಆಗಿನ ತಂಡದ ಮಂಡನೆಯೇ ಬೇರೆ. ಗೋಲ್‌ಕೀಪರ್ ಮುಂದೆ ಇಬ್ಬರು ಬ್ಯಾಕ್, ಅವರ ಮುಂದೆ ಮೂವರು ಹಾಫ್‌ಬ್ಯಾಕ್, ಎಲ್ಲರಿಗಿಂತ ಮುಂದೆ ಐವರು ಫಾರ್ವರ್ಡ್. 1925ರಲ್ಲಿ ಆಫ್‌ಸೈಡ್ ನಿಯಮ ಸಡಿಲವಾಯಿತು. ಮುನ್ನುಗ್ಗುವ ಆಟಗಾರನ ಮುಂದೆ ಎದುರಾಳಿಗಳು ಮೂವರು ಇರಬೇಕೆಂದಿದ್ದುದು ಇಬ್ಬರಿದ್ದರೆ ಸಾಕು ಎಂದಾಯಿತು. ಗೋಲುಗಳು ಹೆಚ್ಚಿದವು. ಅದನ್ನು ತಡೆಯಲು ಮೂವರು ಹಾಫ್‌ಬ್ಯಾಕ್‌ಗಳ ಪೈಕಿ ನಡುವಿನವನನ್ನು ತಂಡಗಳು ಹಿಂದಕ್ಕೆ ಎಳೆದುಕೊಂಡವು. ನಡುವೆ ಬಿದ್ದ ಆ ಬಯಲನ್ನು ತುಂಬಲು ಮುಂದಿನ ಐವರಲ್ಲಿ ಇಬ್ಬರು, ಅಂದರೆ ಇನ್‌ಸೈಡ್ ಫಾರ್ವರ್ಡ್‌ಗಳು, ಹಿಂದಕ್ಕೆ ಬರಬೇಕಾಯಿತು. ಹಿಂದೆ ಉಳಿದ ಹಾಫ್‌ಬ್ಯಾಕ್‌ಗಳೂ ಮುಂದಿನಿಂದ ಇಳಿದು ಬಂದ ಇನ್‌ಸೈಡ್‌ಗಳೂ ಸೇರಿದ ಜಾಗವೇ ಇಂದಿನ ಮಿಡ್‌ಫೀಲ್ಡ್.

ಈ ಎರಡೂ ಬಗೆಯ ಆಟಗಾರರನ್ನು ಬೆಂಗಳೂರು ದೇಶಕ್ಕೆ ಕೊಟ್ಟಿತು ಎಂಬುದು ಇಂದು ಎಷ್ಟು ಜನರಿಗೆ ನೆನಪಿದೆ?

ಇನ್‌ಸೈಡ್ ಲೆಫ್ಟ್ ಸ್ಥಾನದಲ್ಲಿ ಆಡಿದ ಅಹಮದ್ ಖಾನ್ ಬೆಂಗಳೂರಿನವರು. 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತ ತಂಡದಲ್ಲಿದ್ದರು. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲೂ ಇದ್ದರು. ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯದ ಎದುರು ಭಾರತ 1–10ರಿಂದ ಸೋತಾಗ ಆ ಒಂದು ಗೋಲು ಅವರದೇ. ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನ ಐವರು ಮುಂಚೂಣಿ ಆಟಗಾರರನ್ನು ಆ ಊರಿನ ಜನ ‘ಪಂಚ ಪಾಂಡವರು’ ಎಂದು ಕರೆದರು. ಅವರಲ್ಲಿ ಅಹಮದ್ ಖಾನ್ ಒಬ್ಬರು. 2017ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು.

ಹಾಫ್‌ಬ್ಯಾಕ್ ಎಂದರೆ ನೆನಪಾಗಬೇಕಾದ ಹೆಸರು ಮರಿಯಪ್ಪ ಕೆಂಪಯ್ಯ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿ ಸೆಮಿಫೈನಲ್ ತಲುಪಿತು. ಕೊನೆಗೆ ನಾಲ್ಕನೆಯ ಸ್ಥಾನ ಪಡೆಯಿತು. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತದ ಅತ್ಯುತ್ತಮ ಸಾಧನೆ ಇಂದಿಗೂ ಅದೇ. ಆ ತಂಡದಲ್ಲಿ ಕೆಂಪಯ್ಯ ಇದ್ದರು. 1960ರ ರೋಮ್ ತಂಡದಲ್ಲೂ ಇದ್ದರು. ಆಸ್ಟ್ರೇಲಿಯದ ವಿರುದ್ಧ ಮೂರು ಗೋಲು ಹೊಡೆದ ನೆವಿಲ್ ಡಿಸೋಜರ ಹೆಸರು ಕ್ರೀಡಾ ರಸಪ್ರಶ್ನೆಗಳಲ್ಲಿ ಉಳಿಯಿತು. ಹಾಫ್‌ಬ್ಯಾಕ್‌ಗಳ ಹೆಸರು ಉಳಿಯಲಿಲ್ಲ. ಕೋಲ್ಕತ್ತದ ಮೋಹನ್ ಬಾಗನ್ ಪರ ಆಡಿ ಹೆಸರಾದ ಕೆಂಪಯ್ಯ 2008ರಲ್ಲಿ ಬೆಂಗಳೂರಿನಲ್ಲಿ ಕೊನೆಯುಸಿರೆಳೆದರು.

ಇವರೆಲ್ಲ ಕೋಲ್ಕತ್ತಕ್ಕೆ ಹೋದದ್ದೇಕೆ? ದೊಡ್ಡ ಕ್ಲಬ್ಬುಗಳೂ ಜನಸಾಗರವೂ ಅಲ್ಲಿದ್ದವು. ಬೆಂಗಳೂರಿನಲ್ಲಿ ಆಟಗಾರರಿದ್ದರು. ದಂಡು ಪ್ರದೇಶದ ಸೈನಿಕರಿಂದ ಆಟ ಕಲಿತ ಹಲಸೂರು, ಆಸ್ಟಿನ್ ಟೌನ್, ಮರ್ಫಿ ಟೌನ್‌ಗಳ ಬೀದಿಗಳಿದ್ದವು. ಆ ಬಲದಿಂದಲೇ ಮೈಸೂರು ರಾಜ್ಯ ತಂಡ ನಾಲ್ಕು ಬಾರಿ ಸಂತೋಷ್ ಟ್ರೋಫಿ ಗೆದ್ದಿತು. ಆದರೆ ಇಡೀ ಊರೇ ತನ್ನದೆಂದುಕೊಳ್ಳುವ ಒಂದು ಕ್ಲಬ್ ಇರಲಿಲ್ಲ. ಆ ಕಾಲಕ್ಕೆ ಹೆಬ್ಬಾಳ, ಯಲಹಂಕಗಳು ಊರಾಚೆಯ ಹಳ್ಳಿಗಳು. ದಂಡಿನ ಬೀದಿಗಳ ಫುಟ್‌ಬಾಲ್ ಪರಂಪರೆ ಈ ಕಡೆಗೆ ಅಷ್ಟಾಗಿ ಹಬ್ಬಿರಲಿಲ್ಲ. ಉತ್ತರದ ಬಡಾವಣೆಗಳ ಅನೇಕರು ಫುಟ್‌ಬಾಲ್ ಅಭಿಮಾನಿಗಳಾದದ್ದು ಹೊಸ ಕ್ಲಬ್ ಬಂದ ಮೇಲೆಯೇ.

ಕ್ಲಬ್ ಬಂತು, ಆಟಗಾರರು ಬಂದರು

2013ರ ಜುಲೈನಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು. ಮೊದಲ ವರ್ಷವೇ ಐ-ಲೀಗ್ ಪ್ರಶಸ್ತಿ ಗೆದ್ದಿತು. ತಂಡದ ನಾಯಕ ಸುನಿಲ್ ಚೆಟ್ರಿ. ಗೋಲು ಎಂದರೆ ಚೆಟ್ರಿ ಎಂಬಂತಾಯಿತು. ಆ ಮೊದಲ ವರ್ಷಗಳ ಮಿಡ್‌ಫೀಲ್ಡ್‌ನಲ್ಲಿ ಶಂಕರ್ ಸಂಪಂಗಿರಾಜ್ ಎಂಬ ಬೆಂಗಳೂರಿನ ಹುಡುಗನೂ ಇದ್ದರು ಎಂಬುದನ್ನು ಇಲ್ಲಿ ಹೇಳಬೇಕು.

2014ರಲ್ಲಿ ಶಿಲ್ಲಾಂಗಿನ ಯೂಜಿನ್‌ಸನ್ ಲಿಂಗ್ಡೊ ಬಂದರು. ಚೆಂಡು ಕಾಲಿಗೆ ತಾಗುವ ಮೊದಲೇ ಮುಂದಿನ ಪಾಸ್ ಎಲ್ಲಿಗೆಂದು ಗೊತ್ತಿದ್ದವರಂತೆ ಆಡುತ್ತಿದ್ದವರು. 2015ರಲ್ಲಿ ಭಾರತದ ವರ್ಷದ ಆಟಗಾರ ಗೌರವ ಅವರಿಗೆ ಸಂದಿತು. 2016ರ ಎಎಫ್‌ಸಿ ಕಪ್ ಸೆಮಿಫೈನಲ್‌ನಲ್ಲಿ ಮಲೇಷ್ಯದ ಜೊಹೊರ್ ತಂಡದ ನೆಲದಲ್ಲಿ 1–1ರ ಸಮಬಲ ತಂದ ಗೋಲು ಅವರದು. ಮರುಪಂದ್ಯ ಕಂಠೀರವದಲ್ಲಿ. ಮೊದಲು ಗೋಲು ಬಿಟ್ಟುಕೊಟ್ಟ ಬೆಂಗಳೂರು 3–1ರಿಂದ ಗೆದ್ದು, ಆ ಟೂರ್ನಿಯ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. ಆ ಸಂಜೆ ಚೆಟ್ರಿ ಹೊಡೆದ ಎರಡು ಗೋಲು ಅಭಿಮಾನಿಯ ಕಣ್ಣಲ್ಲಿ ಇನ್ನೂ ಇವೆ. ಆ ಋತುವಿನಲ್ಲಿ ಲಿಂಗ್ಡೊ ಜತೆ ಮಿಡ್‌ಫೀಲ್ಡ್‌ನಲ್ಲಿದ್ದ ಆಸ್ಟ್ರೇಲಿಯದ ಕ್ಯಾಮರೊನ್ ವಾಟ್ಸನ್, ಸ್ಪೇನಿನ ಅಲ್ವಾರೊ ರೂಬಿಯೊ ಎಷ್ಟು ಜನರ ಕಣ್ಣಲ್ಲಿದ್ದಾರೆ? ದೋಹಾದ ಫೈನಲ್‌ನಲ್ಲಿ ಇರಾಕಿನ ವಾಯುಪಡೆ ಕ್ಲಬ್ 1–0ಯಿಂದ ಗೆದ್ದಿತು.

2017ರಲ್ಲಿ ಕ್ಲಬ್ ಐಎಸ್‌ಎಲ್ ಸೇರಿತು. ಆಗ ಬಂದ ಜೋಡಿಯನ್ನು ಅಭಿಮಾನಿ ಮರೆಯಲಾರ. ಆರಡಿ ಮೀರಿದ ಎತ್ತರದ, ಆಸ್ಟ್ರೇಲಿಯದ ಎರಿಕ್ ಪಾರ್ಟಲು ಒಬ್ಬರು. ಮೂವತ್ತು ದಾಟಿದ ಸ್ಪೇನಿನ ಡಿಮಾಸ್ ಡೆಲ್ಗಾಡೊ ಇನ್ನೊಬ್ಬರು. ಎದುರಾಳಿಯ ದಾರಿಗೆ ಅಡ್ಡ ನಿಲ್ಲುವುದು, ಗಾಳಿಯಲ್ಲಿ ಬಂದ ಚೆಂಡನ್ನು ತಲೆಯಿಂದ ಗೆಲ್ಲುವುದು ಒಬ್ಬರ ಕೆಲಸ. ಆ ಚೆಂಡನ್ನು ಅವಸರವಿಲ್ಲದೆ ಸರಿಯಾದ ಕಾಲಿಗೆ ಮುಟ್ಟಿಸುವುದು ಇನ್ನೊಬ್ಬರ ಕೆಲಸ. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಗೋವಾ ಎದುರಿನ ಫೈನಲ್ ಹೆಚ್ಚುವರಿ ಅವಧಿಗೆ ಹೋಯಿತು. 117ನೆಯ ನಿಮಿಷದಲ್ಲಿ ರಾಹುಲ್ ಭೆಕೆ ತಲೆಯಿಂದ ಚೆಂಡನ್ನು ಗೋಲಿಗೆ ತಳ್ಳಿದರು. ಬೆಂಗಳೂರು ಚಾಂಪಿಯನ್ ಆಯಿತು. ಆ ಗೋಲು ಯಾರದು ಎಂದರೆ ಬಲ್ಲವರೆಲ್ಲರೂ ಭೆಕೆ ಎನ್ನುತ್ತಾರೆ. ಆ ಕಾರ್ನರ್ ಕಿಕ್ ಒದ್ದವರು ಯಾರು ಎಂದು ಕೇಳಿ ನೋಡಿ. ಡಿಮಾಸ್ ಎಂದು ಹೇಳುವವರು ಅರ್ಧದಷ್ಟೂ ಸಿಗಲಾರರು.

2019ರಲ್ಲೇ ಮಣಿಪುರದ ಸುರೇಶ್ ಸಿಂಗ್ ವಾಂಗ್ಜಮ್ ಬಂದರು. 2017ರಲ್ಲಿ ಭಾರತದಲ್ಲೇ ನಡೆದ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಆಡಿ ಬಂದ ಹುಡುಗ. ದಣಿವನ್ನೇ ಅರಿಯದಂತೆ ಅಂಗಳದ ಉದ್ದಗಲಕ್ಕೂ ಓಡುವ ಸುರೇಶ್ ಅಭಿಮಾನಿಯ ಪಾಲಿಗೆ ಬೇರೆಯೇ ಬಗೆಯ ಮಿಡ್‌ಫೀಲ್ಡರ್. ಬಳಿಕ ಸ್ಪೇನಿನ ಹಾವಿ ಹೆರ್ನಾಂಡೆಸ್ ಬಂದರು, 2024–25ರಲ್ಲಿ ಅಲ್ಬರ್ಟೊ ನೊಗೆರಾ ಆಡಿದರು.

ಬರೆದಿಟ್ಟರೆ ಈ ಪಟ್ಟಿ ಒಂದು ಭೂಪಟದಂತೆ ಕಾಣುತ್ತದೆ: ಶಿಲ್ಲಾಂಗ್, ಮಣಿಪುರ, ಆಸ್ಟ್ರೇಲಿಯ, ಸ್ಪೇನ್. ಒಂದು ಕಾಲಕ್ಕೆ ಬೆಂಗಳೂರಿನ ಆಟಗಾರರು ಕೋಲ್ಕತ್ತದ ಮಿಡ್‌ಫೀಲ್ಡ್ ತುಂಬಿದರು. ಈಗ ಬೆಂಗಳೂರಿನ ಮಿಡ್‌ಫೀಲ್ಡ್ ತುಂಬಲು ಹೊರಗಿನವರು ಬೇಕಾಗಿದೆ. ಹೊರಗಿನವರು ಬಂದದ್ದು ತಪ್ಪಲ್ಲ. ನೀಲಿ ಅಂಗಿ ತೊಟ್ಟು ಬೆವರು ಹರಿಸಿದವರೆಲ್ಲ ಈ ಊರಿನವರೇ ಎಂದು ಗ್ಯಾಲರಿಯ ಜನ ಎಂದೋ ಒಪ್ಪಿಕೊಂಡಿದ್ದಾರೆ. ಪ್ರಶ್ನೆ ಬೇರೆ: ಈ ಊರಿನಲ್ಲಿ ಮತ್ತೊಬ್ಬ ಕೆಂಪಯ್ಯ ಏಕೆ ಬೆಳೆಯುತ್ತಿಲ್ಲ?

ಅಂಗಳ ಬೇಕು, ಕಾಲ ಬೇಕು

ಫಾರ್ವರ್ಡ್ ಆಟಗಾರನಲ್ಲಿ ಹುಟ್ಟುಗುಣ ಬೇಗ ಕಾಣುತ್ತದೆ. ವೇಗವಿದ್ದರೆ, ಗೋಲಿನ ಮುಂದೆ ಧೈರ್ಯವಿದ್ದರೆ ಹತ್ತು ವರ್ಷದ ಹುಡುಗನನ್ನೂ ಗುರುತಿಸಬಹುದು. ಮಿಡ್‌ಫೀಲ್ಡರ್ ಹಾಗಲ್ಲ. ಒಂದು ಪಂದ್ಯದಲ್ಲಿ ಆತ ಹತ್ತು ಕಿಲೊಮೀಟರಿಗೂ ಹೆಚ್ಚು ಓಡಬೇಕಾಗುತ್ತದೆ. ಆ ಓಟದ ನಡುವೆಯೇ ಯೋಚಿಸಬೇಕು. ಚೆಂಡು ಬರುವ ಮೊದಲೇ ಕತ್ತು ತಿರುಗಿಸಿ ಹಿಂದೆ ಯಾರಿದ್ದಾರೆಂದು ನೋಡಬೇಕು. ಎಡ ಅಂಚಿನಲ್ಲಿ ದಾರಿ ಮುಚ್ಚಿದ್ದರೆ ನಲವತ್ತು ಮೀಟರ್ ಆಚೆ ಬಲ ಅಂಚಿನಲ್ಲಿ ತೆರೆದ ದಾರಿ ಕಾಣಬೇಕು. ಇದು ಹೇಳಿಕೊಟ್ಟು ಬರುವ ವಿದ್ಯೆಯಲ್ಲ. ದೊಡ್ಡ ಅಂಗಳದಲ್ಲಿ ಹನ್ನೊಂದು ಮಂದಿಯ ಜತೆ ವರ್ಷಗಟ್ಟಲೆ ಆಡಿ ಕಣ್ಣಿಗೆ ಬರುವ ರೂಢಿ.

ಅಂತರರಾಷ್ಟ್ರೀಯ ಪಂದ್ಯದ ಅಂಗಳ ಕನಿಷ್ಠ 100 ಮೀಟರ್ ಉದ್ದ, 64 ಮೀಟರ್ ಅಗಲ ಇರಬೇಕು. ಆ ಅಳತೆಯ ಎಷ್ಟು ಬಯಲುಗಳು ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಮಕ್ಕಳಿಗೆ ದಿನವೂ ಸಿಗುತ್ತವೆ? ಸಿಗುವುದು ಗಂಟೆಯ ಲೆಕ್ಕದಲ್ಲಿ ಬಾಡಿಗೆ ತೆತ್ತು ಆಡುವ, ಬಲೆ ಕಟ್ಟಿದ, ಕೃತಕ ಹುಲ್ಲಿನ ಟರ್ಫ್‌ಗಳು. ಟರ್ಫ್ ಕೆಟ್ಟದ್ದೆಂದಲ್ಲ. ಬ್ರೆಜಿಲ್‌ನ ಅನೇಕ ದೊಡ್ಡ ಆಟಗಾರರು ಇಕ್ಕಟ್ಟಿನ ಫುಟ್ಸಾಲ್‌ನಲ್ಲೇ ಕಾಲು ಪಳಗಿಸಿಕೊಂಡವರು. ಅಲ್ಲಿ ಕಾಲು ಕಲಿಯುತ್ತದೆ. ದೂರ ನೋಡುವ ಕಣ್ಣು ಮಾತ್ರ ಕಲಿಯುವುದಿಲ್ಲ. ಅದಕ್ಕೆ ದೂರವೇ ಬೇಕು. ಆಡಲು ಕಾಸು ತೆರಲಾಗದ ಮನೆಯ ಹುಡುಗನಿಗಂತೂ ಟರ್ಫ್‌ನ ಬಾಗಿಲೇ ತೆರೆಯುವುದಿಲ್ಲ.

ಮಣಿಪುರದ ಉದಾಹರಣೆ ನೋಡಿ. 2017ರ ಆ ವಿಶ್ವಕಪ್ ತಂಡದ 21 ಮಂದಿಯಲ್ಲಿ 8 ಮಂದಿ ಆ ಪುಟ್ಟ ರಾಜ್ಯದವರು. ಅಲ್ಲಿ ಫುಟ್‌ಬಾಲ್ ಇಂದಿಗೂ ಊರೂರಿನ ಆಟ.

ಹಾಗೆಂದು ನಿರಾಶರಾಗಬೇಕಿಲ್ಲ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದಿತು. 2024ರ ಸೆಪ್ಟೆಂಬರ್ 14ರಂದು ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ಎದುರು ಬೆಂಗಳೂರು 1–0ಯಿಂದ ಗೆದ್ದಾಗ ಆ ಗೋಲು ಹೊಡೆದವರು ಹತ್ತೊಂಬತ್ತರ ಹುಡುಗ ವಿನಿತ್ ವೆಂಕಟೇಶ್, ಬೆಂಗಳೂರಿನವರೇ. ಅಹಮದ್ ಖಾನ್ ಆಡಿ ಮೆರೆದ ಕ್ಲಬ್ಬಿನ ಎದುರಿಗೇ ಬೆಂಗಳೂರಿನ ಹುಡುಗ ಗೋಲು ಹೊಡೆದ ಎಂದು ಹಳಬರು ಸಂತೋಷಪಟ್ಟಿದ್ದರೆ ಅದು ಸಹಜವೇ.

ಯಲಹಂಕದ ಆ ಅಪ್ಪ ಈಗ ಏನು ಮಾಡಬೇಕು? ಮುಂದಿನ ಪಂದ್ಯಕ್ಕೆ ಹೋಗುವಾಗ ಮಗನನ್ನೂ ಕರೆದೊಯ್ಯಲಿ. ಓಟದ ಪಥದಾಚೆಗಿನ ಕಂಠೀರವದ ಗ್ಯಾಲರಿಯಿಂದ ಅಂಗಳ ದೂರವೆಂಬ ದೂರು ಹಳೆಯದು. ಆದರೆ ಆ ದೂರದಿಂದ ಇಡೀ ಮಂಡನೆ ಕಾಣುತ್ತದೆ. ಹತ್ತು ನಿಮಿಷ ಚೆಂಡನ್ನು ಬಿಟ್ಟು, ನಡುವಿನ ಒಬ್ಬನನ್ನೇ ನೋಡಲಿ. ಚೆಂಡಿಲ್ಲದಾಗ ಆತ ಎಲ್ಲಿ ನಿಲ್ಲುತ್ತಾನೆ, ಯಾರಿಗೆ ಕೈ ತೋರಿಸುತ್ತಾನೆ, ಯಾವ ದಾರಿ ಮುಚ್ಚುತ್ತಾನೆ ಎಂದು ಇಬ್ಬರೂ ಲೆಕ್ಕ ಇಡಲಿ. ಬಳಿಕ ಮನೆಗೆ ಬಂದು ಬಡಾವಣೆಯ ಬಯಲು ಬಯಲಾಗಿಯೇ ಉಳಿಯಲಿ ಎಂದು ನಾಲ್ಕು ಜನರ ಜತೆ ಸೇರಿ ಕೇಳಲಿ. ಮತ್ತೊಮ್ಮೆ ಹುಡುಗ ‘ಅಪ್ಪಾ, ನಾನು ಮಿಡ್‌ಫೀಲ್ಡ್‌ನಲ್ಲಿ ಆಡ್ತೀನಿ’ ಎಂದರೆ, ‘ಆಡು ಮಗಾ’ ಎಂದರೆ ಸಾಕು.